ಲೀಟರ್ ಬೇಡ, ಕೊಡ ಅಂತ ಕೇಳಿ

ನಮ್ಮ ಸೀನಿಯರ್ ಅಕ್ಕನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಎಲ್ಲಿ ಸೆಮಿನಾರ್ ಇದೆ, ಸಾರಾಂಶ ಕಳಿಸಲು ಕೊನೆಯ ದಿನ ಯಾವುದು, ಶುಲ್ಕ ಎಷ್ಟು, ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಿದ್ದಳು. ಕೆಲವು ಸಾಲುಗಳ ಕೊನೆಗೆ ಕೆಂಪು ಪೆನ್ನಿನಲ್ಲಿ 'ವ' ಅಂತ ಇರುತ್ತಿತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ವಸತಿ ಇದೆ ಅಂತ ಅರ್ಥ. 'ವ' ಇಲ್ಲದ ಊರಿಗೆ ನಮ್ಮ ಮನೆಗಳಲ್ಲಿ ಕಳಿಸುತ್ತಿರಲಿಲ್ಲ. ಹಾಗಾಗಿ ನಾವು ಮೊದಲು ನೋಡುತ್ತಿದ್ದದ್ದೇ ಆ ಕೆಂಪು ಅಕ್ಷರವನ್ನು.

ನಾನು ವಿಜಯಪುರದ ಪಕ್ಕದ ತೊರವಿಯ ಜ್ಞಾನಶಕ್ತಿ ಆವರಣಕ್ಕೆ ಪಿಎಚ್‌.ಡಿ. ಮಾಡಲು ಬಂದದ್ದು 2017ರಲ್ಲಿ. 2003ರಲ್ಲಿ ಶುರುವಾದ ನಮ್ಮ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕಮಹಾದೇವಿಯ ಹೆಸರು ಬಂದದ್ದೂ 2017ರಲ್ಲೇ. ನನ್ನ ವಿಷಯ ಹೆಣ್ಣುಮಕ್ಕಳು ಮತ್ತು ಹೊತ್ತು ತರುವ ನೀರು. ವಿಜಯಪುರದಲ್ಲಿ ಓದುವವರಿಗೆ ಈ ವಿಷಯ ದೂರದ್ದಲ್ಲ. ಊರಲ್ಲಿ 1620ರ ದೊಡ್ಡ ಬಾವಿ ತಾಜ್ ಬಾವಡಿ ಇದೆ, 1651ರ ಕೆರೆ ಬೇಗಂ ತಲಾಬ್ ಇದೆ. ತೊರವಿಯಿಂದ ಪಟ್ಟಣಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರು ತಂದ ಆದಿಲ್‌ಶಾಹಿ ಕಾಲದ ಕೆಲಸ ನಮ್ಮ ಕ್ಯಾಂಪಸ್ಸಿನ ಊರಲ್ಲೇ ಇದೆ. ಯಾರು ಕಟ್ಟಿಸಿದರು ಅನ್ನುವುದು ಪುಸ್ತಕಗಳಲ್ಲಿ ಸಿಗುತ್ತದೆ. ಆ ನೀರನ್ನು ಸೇದಿ ಮನೆಗೆ ಹೊತ್ತವರು ಯಾರು ಅಂತ ಹುಡುಕಿದರೆ ಸಾಲು ಸಿಗುವುದಿಲ್ಲ. ನನ್ನ ಅವ್ವ ಮದುವೆಯಾಗಿ ಬಂದಾಗಿನಿಂದ ನೀರು ಹೊತ್ತವಳು. ಅಲ್ಲಿಂದಲೇ ಈ ವಿಷಯ ನನ್ನ ತಲೆಗೆ ಬಂತು.

ಆಗ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮ ಇತ್ತು. ಮಹಾಪ್ರಬಂಧ ಕೊಡುವ ಮೊದಲು ಎರಡು ಸೆಮಿನಾರುಗಳಲ್ಲಿ ಪ್ರಬಂಧ ಓದಬೇಕು, ಒಂದು ಲೇಖನ ಒಳ್ಳೆಯ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಬೇಕು. 2019ರ ಶುರುವಿನಲ್ಲಿ ಅಕ್ಕ ನೋಟ್‌ಬುಕ್ ನನ್ನ ಮುಂದೆ ತೆರೆದಿಟ್ಟು, "ಬೆಳಗಾವಿದು ಐತಿ ನೋಡು, 'ವ' ಐತಿ. ನಾನೂ ಬರ್ತೀನಿ" ಅಂದಳು. ಆಗ ಅವಳು ಗರ್ಭಿಣಿ.

ಬೆಳಗಿನ ಜಾವದ ಬಸ್ಸಿಗೆ ಹೊರಟು ಬೆಳಗಾವಿಯಲ್ಲಿ ಇಳಿದೆವು. ಅಲ್ಲಿಂದ ಹೆದ್ದಾರಿ ಹಿಡಿದು ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ನನ್ನ ಪ್ರಬಂಧ ಹದಿನಾಲ್ಕು ಪುಟ, ನನಗೆ ಸಿಕ್ಕಿದ್ದು ಹತ್ತು ನಿಮಿಷ. ಪೀಠಿಕೆ ಓದಿ, ಹಿಂದಿನ ಅಧ್ಯಯನಗಳನ್ನು ಹೇಳಿ ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದರು. ನನ್ನದು ಅನ್ನುವ ಮಾತು ಇದ್ದದ್ದು ಒಂಬತ್ತನೇ ಪುಟದಲ್ಲಿ. ಅದನ್ನು ಯಾರೂ ಕೇಳಲೇ ಇಲ್ಲ. ಕೆಳಗಿಳಿದಾಗ ಕೈ ನಡುಗುತ್ತಿತ್ತು. ಅಂದು ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಅಕ್ಕ ನನ್ನಿಂದ ಇಡೀ ಪ್ರಬಂಧವನ್ನು ನಾಲ್ಕು ಪುಟಕ್ಕೆ ಇಳಿಸಿದಳು. ಒಂಬತ್ತನೇ ಪುಟ ಮೊದಲನೇ ಪುಟವಾಯಿತು. ಇಂದಿಗೂ ನಾನು ಹಾಗೇ ಬರೆಯುತ್ತೇನೆ. ಕಂಡದ್ದು ಮೊದಲು, ಅದನ್ನು ಕಂಡ ದಾರಿ ಆಮೇಲೆ.

ಆದರೆ ಆ ಸೆಮಿನಾರಿನ ದೊಡ್ಡ ಮಾತು ನಡೆದದ್ದು ಊಟದ ಸಾಲಿನಲ್ಲಿ. ಕೂಪನ್ ಹಿಡಿದು ನಿಂತಿದ್ದೆವು. ಅಕ್ಕ ಯಾಕೋ ಮನಸ್ಸು ತಡೆಯದೆ, "ಇದೇ ನನ್ನ ಕಡೀ ಸೆಮಿನಾರ್. ಹೆರಿಗಿ ಆದಮ್ಯಾಲೆ ಬಿಟ್ಟುಬಿಡ್ತೀನಿ" ಅಂದಳು. ನಮ್ಮ ಹಿಂದೆ ಬೇರೆ ವಿಶ್ವವಿದ್ಯಾಲಯದ ಒಬ್ಬ ಮೇಡಂ ಇದ್ದರು. ಪರಿಚಯವೂ ಇಲ್ಲ. "ಯಾಕೆ ಬಿಡ್ತೀರಿ? 240 ದಿನ ರಜೆ ಇದೆಯಲ್ಲ ನಿಮಗೆ" ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪಿಎಚ್‌.ಡಿ. ಅವಧಿಯಲ್ಲಿ ಒಮ್ಮೆ, ಹೆರಿಗೆಗೋ ಮಗುವನ್ನು ನೋಡಿಕೊಳ್ಳಲೋ, 240 ದಿನದವರೆಗೆ ರಜೆ ಕೊಡಬಹುದು ಅಂತ ಅದೇ 2016ರ ನಿಯಮದಲ್ಲಿತ್ತು. ಓದು ಮುಗಿಸಲು ಇದ್ದ ಆರು ವರ್ಷದ ಮಿತಿಯ ಮೇಲೆ ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷದ ರಿಯಾಯಿತಿಯೂ ಇತ್ತು. ಎರಡು ಸೆಮಿನಾರ್, ಒಂದು ಲೇಖನ ಅನ್ನುವ ಸಾಲು ನಮಗೆ ಬಾಯಿಪಾಠ ಇತ್ತು. ಅದೇ ಕಾಗದದ ಈ ಸಾಲು ಇಬ್ಬರಿಗೂ ಗೊತ್ತಿರಲಿಲ್ಲ. ಆ ಮೇಡಂ ತಟ್ಟೆ ಹಿಡಿದುಕೊಂಡೇ ಅರ್ಜಿ ಹೇಗೆ ಬರೆಯಬೇಕು ಅಂತ ಹೇಳಿದರು. ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ ಆ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಳು.

ಅದೇ ಮಳೆಗಾಲದಲ್ಲಿ ನನಗೆ ಧಾರವಾಡದ ಒಂದು ಕಾರ್ಯಾಗಾರಕ್ಕೆ ಅವಕಾಶ ಸಿಕ್ಕಿತು. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ನಾವೆಲ್ಲ ಐಸಿಎಸ್‌ಎಸ್‌ಆರ್ ಅನ್ನುತ್ತೇವಲ್ಲ, ಅದರ ನೆರವಿನದು. ಹತ್ತು ದಿನ. ಸಂಶೋಧನೆಗೆ ದಾರಿ ತೋರಿಸುವ ಗೈಡ್ ಪತ್ರ ಕೊಟ್ಟು, ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಅರ್ಜಿ ಹೋಗುತ್ತದೆ. ಊಟ, ವಸತಿ ಅವರದೇ. ಅಲ್ಲಿ ನಾಲ್ಕನೇ ದಿನ ಎಲ್ಲರೂ ತಮ್ಮ ಪ್ರಶ್ನಾವಳಿ ತೋರಿಸಬೇಕಿತ್ತು. ನನ್ನ ಆರನೇ ಪ್ರಶ್ನೆ, "ದಿನಕ್ಕೆ ಎಷ್ಟು ಲೀಟರ್ ನೀರು ತರುತ್ತೀರಿ?" ತರಗತಿ ತೆಗೆದುಕೊಂಡ ಹಿರಿಯರು ಅದನ್ನು ಎರಡು ಸಲ ಓದಿದರು. "ನಿಮ್ಮ ತಾಯಿಗೆ ಇದನ್ನು ಕೇಳಿದ್ದೀರಾ?" ಅಂದರು. ಕೇಳಿರಲಿಲ್ಲ. "ಲೀಟರ್ ಬೇಡ, ಕೊಡ ಅಂತ ಕೇಳಿ. ಆಮೇಲೆ ಆ ಮನೆಯ ಕೊಡ ಅಳೆಯಿರಿ" ಅಂದರು.

ಇಷ್ಟೇ ಮಾತು. ನನ್ನ ಇಡೀ ಮಹಾಪ್ರಬಂಧ ಅಲ್ಲಿಂದ ತಿರುಗಿತು. ಮೊದಲು ಲೀಟರ್ ಅಂತ ಕೇಳಿದಾಗ "ಯಾರಿಗ್ ಗೊತ್ತವ್ವಾ" ಅಂದಿದ್ದ ಅಜ್ಜಿಯ ಹತ್ತಿರವೇ ಮತ್ತೆ ಹೋದೆ. ಈ ಸಲ ಕೊಡ ಅಂತ ಕೇಳಿದೆ. "ಮುಂಜಾನಿ ಆರು, ಸಂಜಿಕ ನಾಕು. ಬಾಣಂತಿ ಮನ್ಯಾಗಿದ್ರ ಲೆಕ್ಕಿಲ್ಲ" ಅಂದಳು. ಹಿತ್ತಾಳೆ ಕೊಡ ಯಾವ ವರ್ಷ ಮಾರಿದರು, ಪ್ಲಾಸ್ಟಿಕ್ ಕೊಡ ಯಾವಾಗ ಬಂತು, ಹೊಸ ಸೊಸೆಗೆ ದೊಡ್ಡ ಕೊಡ ಯಾಕೆ ಕೊಡುತ್ತಿದ್ದರು, ಒಂದೊಂದೇ ಹೊರಬಂತು. ನಾನು ಒಂದು ಲೀಟರಿನ ಅಳತೆಪಾತ್ರೆ ಚೀಲದಲ್ಲಿ ಇಟ್ಟುಕೊಂಡು ಮನೆ ಮನೆಗೆ ಹೋದೆ. ಒಂದೇ ಓಣಿಯಲ್ಲಿ ಹನ್ನೆರಡು ಲೀಟರಿನ ಕೊಡವೂ ಇತ್ತು, ಹದಿನೆಂಟು ಲೀಟರಿನದೂ ಇತ್ತು. ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಆ ಕೊಡಗಳದ್ದು.

ಲೇಖನದ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ಹಣ ಕಟ್ಟಿದರೆ ಎರಡೇ ದಿನದಲ್ಲಿ ಒಪ್ಪಿಗೆ ಪತ್ರ ಕೊಡುವ ಒಂದು ಪತ್ರಿಕೆಗೆ ಒಂದೂವರೆ ಸಾವಿರ ಕೊಟ್ಟೆ. ಅದು ಯಾವ ಲೆಕ್ಕಕ್ಕೂ ಬರಲಿಲ್ಲ. ಯಾರೂ ಓದದೆ, ಒಂದು ತಪ್ಪೂ ತೋರಿಸದೆ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಆ ಹಣ ಅಣ್ಣ ಕೊಟ್ಟಿದ್ದು, ಈಗಲೂ ನೆನೆದರೆ ಸಂಕಟ ಆಗುತ್ತದೆ.

2020ರಲ್ಲಿ ಎಲ್ಲವೂ ವೆಬಿನಾರ್ ಆಯಿತು. ದೂರದ ದೊಡ್ಡವರ ಮಾತನ್ನು ಹೊಲದಲ್ಲಿ ಕುಳಿತು ಕೇಳಿದೆ, ಸರ್ಟಿಫಿಕೇಟುಗಳು ಫೋನಿಗೇ ಬಂದವು. ಊಟದ ಸಾಲು ಮಾತ್ರ ಇರಲಿಲ್ಲ.

2022ರ ಹೊಸ ನಿಯಮದಲ್ಲಿ ಯುಜಿಸಿ ಆ ಸೆಮಿನಾರ್, ಲೇಖನಗಳ ಕಡ್ಡಾಯವನ್ನು ತೆಗೆದಿದೆ. ನನಗೆ ಸಮಾಧಾನ ಆಯಿತು. ಕಡ್ಡಾಯ ಇದ್ದದ್ದಕ್ಕೇ ಅಲ್ವಾ, ನನ್ನಂಥವರು ಸಿಕ್ಕ ಪತ್ರಿಕೆಗೆ ಹಣ ಸುರಿದದ್ದು? ಆದರೂ ಈಗ ಓದುತ್ತಿರುವ ತಂಗಿಯರಿಗೆ ಒಂದು ಮಾತು ಹೇಳಬೇಕು. ಯಾರೂ ಕೇಳದಿದ್ದರೂ ಹೋಗಿ. ವರ್ಷಕ್ಕೆ ಒಂದಾದರೂ ಸೆಮಿನಾರಿಗೆ, ಪಿಎಚ್‌.ಡಿ. ಮುಗಿಯುವುದರೊಳಗೆ ಒಂದಾದರೂ ಹತ್ತು ದಿನದ ಕಾರ್ಯಾಗಾರಕ್ಕೆ. ಪ್ರಶ್ನಾವಳಿ ಅರ್ಧ ಇರುವಾಗಲೇ ಹೋಗಿ, ಎಲ್ಲ ಮುಗಿದ ಮೇಲೆ ಹೋದರೆ ತಿದ್ದಲು ಏನೂ ಉಳಿದಿರುವುದಿಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುತ್ತದೆ, ಅದನ್ನೂ ಬಿಡಬೇಡಿ. 2023ರಿಂದ ಅದರಲ್ಲಿ ಮುಂದೆ ಬಂದವರಿಗೆ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ ಆಗಿದೆ. ಅಷ್ಟು ಕೈಗೆ ಬಂದರೆ ಮನೆಯಲ್ಲಿ ಮದುವೆಯ ಮಾತು ಸ್ವಲ್ಪ ಮುಂದೆ ಹೋಗುತ್ತದೆ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಅಕ್ಕ 240 ದಿನ ರಜೆ ತೆಗೆದುಕೊಂಡಳು. ಮಗಳು ಹುಟ್ಟಿದಳು. ರಜೆಗೆ ಹೋಗುವ ಮೊದಲು ನೋಟ್‌ಬುಕ್ಕನ್ನು ನನಗೆ ಕೊಟ್ಟಳು, ನಾನು ತುಂಬಿಸುತ್ತ ಹೋದೆ. ನಾನು ಕ್ಯಾಂಪಸ್ ಬಿಡುವಾಗ ಜೂನಿಯರ್ ಒಬ್ಬಳಿಗೆ ಕೊಟ್ಟೆ. ಅದರಲ್ಲಿ ಇನ್ನೂ ಖಾಲಿ ಪುಟಗಳಿದ್ದವು.

2022ರಲ್ಲಿ ಅಕ್ಕನ ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾ, ನಡೆಯಿತು. ಮೂರು ವರ್ಷದ ಮಗಳು ಹಿಂದಿನ ಬೆಂಚಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಪರೀಕ್ಷಕರು ಪದವಿಗೆ ಶಿಫಾರಸು ಮಾಡುತ್ತೇವೆ ಅಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಮಗುವಿಗೆ ಎಚ್ಚರವಾಗಿ ಅಳು ಬಂತು. ಅಕ್ಕ ಪರೀಕ್ಷಕರಿಗೆ ಕೈಮುಗಿದು, ಆ ಬದಿಯಿಂದ ಈ ಬದಿಗೆ ಓಡಿಬಂದು ಅದನ್ನು ಎತ್ತಿಕೊಂಡಳು.