ಎರಡು ಸುತ್ತು ದಾರ

ಕೊಡಗಿನ ಪೊನ್ನಂಪೇಟೆಗೆ ಅರಣ್ಯಶಾಸ್ತ್ರ ಓದಲು ಬಂದಾಗ ನನಗೆ ಆನೆ ಕಂಡರೆ ಆಗುತ್ತಿರಲಿಲ್ಲ. ನಮ್ಮದು ಹಾಸನ ಜಿಲ್ಲೆ ಆಲೂರು ಕಡೆಯ ಸಣ್ಣ ಊರು. ಒಂದೂವರೆ ಎಕರೆ ಗದ್ದೆ, ಪಕ್ಕದಲ್ಲಿ ಒಂದಿಷ್ಟು ಕಾಫಿ. ಭತ್ತ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಆನೆಗಳು ಬರುತ್ತಿದ್ದವು. ಅಪ್ಪ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ತಗಡು ಬಡಿಯುತ್ತಿದ್ದರು. ಬೆಳಿಗ್ಗೆ ಮನೆಗೆ ಬಂದರೆ ಕಾಫಿ ಕುಡಿಯೋಕೂ ಮಾತಿರುತ್ತಿರಲಿಲ್ಲ.

ಹಾಗಾಗಿ ಎರಡನೇ ವರ್ಷ ವನ್ಯಜೀವಿ ವಿಷಯ ಶುರುವಾದಾಗ ಜೊತೆಯವರೆಲ್ಲ ಖುಷಿಯಲ್ಲಿದ್ದರು, ನಾನು ಇರಲಿಲ್ಲ. ವಾರಕ್ಕೆ ಎರಡು ಥಿಯರಿ, ಒಂದು ಪ್ರಾಕ್ಟಿಕಲ್. ಮೊದಲ ಕ್ಲಾಸಿನಲ್ಲೇ ಸರ್ ಹೇಳಿದ್ದರು: "ಈ ಸೆಮಿಸ್ಟರ್ ನಿಮಗೆ ಹುಲಿ ತೋರಿಸ್ತೀನಿ ಅಂತ ನಾನು ಹೇಳಲ್ಲ. ಹುಲಿ ಕಾಣದೇ ಇದ್ರೂ ಅದರ ಬಗ್ಗೆ ಏನೇನು ತಿಳ್ಕೋಬಹುದು ಅಂತ ತೋರಿಸ್ತೀನಿ."

ಅವರು ಮಾತಿಗೆ ತಪ್ಪಲಿಲ್ಲ.

ಅರಣ್ಯ ಇಲಾಖೆಯ ಅನುಮತಿ ಪಡೆದು ತಂದಿದ್ದ ಹುಲಿ ಮಲದ ತುಂಡುಗಳು ನಮ್ಮ ಲ್ಯಾಬಿನಲ್ಲಿದ್ದವು. ಸ್ಕ್ಯಾಟ್ ಅಂತಲೇ ನಾವು ಕರೆಯುತ್ತಿದ್ದದ್ದು. ಅದನ್ನು ಸಣ್ಣ ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಹಿಡಿದು ತೊಳೆಯಬೇಕು. ಮೂಗು ಮುಚ್ಚಿಕೊಳ್ಳುವ ಹುಮ್ಮಸ್ಸು ಐದು ನಿಮಿಷ ಇರುತ್ತೆ, ಆಮೇಲೆ ಮರೆತೇಹೋಗುತ್ತೆ. ಕೊನೆಗೆ ಜರಡಿಯಲ್ಲಿ ಉಳಿಯುವುದು ಕೂದಲು, ಮೂಳೆಯ ಚೂರು, ಒಮ್ಮೊಮ್ಮೆ ಗೊರಸಿನ ತುದಿ. ಕೂದಲನ್ನು ಒಣಗಿಸಿ, ಸ್ಲೈಡ್ ಮಾಡಿ, ಮೈಕ್ರೋಸ್ಕೋಪಿನಲ್ಲಿಟ್ಟು ಕಣ್ಣು ಹಚ್ಚಿದೆ. ಕೂದಲಿನ ಒಳಗೆಲ್ಲ ಜೇನುಗೂಡಿನ ಹಾಗೆ ಒತ್ತೊತ್ತಾಗಿ ಕೋಣೆಗಳು! ಪಕ್ಕದಲ್ಲಿ ನನ್ನದೇ ಒಂದು ಕೂದಲು ಕಿತ್ತು ಇಟ್ಟೆ. ಅದರಲ್ಲಿ ನಡುವೆ ಒಂದು ತೆಳ್ಳನೆ ಗೆರೆ, ಅದೂ ಅಲ್ಲಲ್ಲಿ ತುಂಡು. ಸರ್ ಬಂದು ನೋಡಿ, ಮಾದರಿ ಸ್ಲೈಡುಗಳ ಡಬ್ಬಿ ಮುಂದಿಟ್ಟು ಹೋದರು. ಜಿಂಕೆ, ಕಡವೆ, ಕಾಟಿ, ಕಾಡುಹಂದಿ, ಒಂದೊಂದನ್ನೇ ಹೋಲಿಸುತ್ತಾ ಒಂದೂವರೆ ಗಂಟೆ ಕೂತೆ. ಜಿಂಕೆ ಅಂತ ಗೊತ್ತಾದಾಗ ಎದೆ ಹೊಡೆದುಕೊಂಡದ್ದು ಇವತ್ತಿಗೂ ನೆನಪಿದೆ. ನಾಗರಹೊಳೆಯ ಯಾವುದೋ ದಾರಿಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ನಡೆದ ಒಂದು ಬೇಟೆ ನನ್ನ ಕಣ್ಣ ಮುಂದೆ ಇತ್ತು.

ಎಣಿಕೆಯ ಪಾಠ ಕಾಫಿ ಬೀಜದಿಂದ ಶುರುವಾಯಿತು. ಒಂದು ಪಾತ್ರೆ ತುಂಬ ಬೀಜ. ನಲವತ್ತನ್ನು ತೆಗೆದು ಬಿಳಿ ಬಣ್ಣ ಹಚ್ಚಿ ವಾಪಸ್ ಹಾಕಿ ಕಲಸಿದೆವು. ಮತ್ತೆ ಕಣ್ಣುಮುಚ್ಚಿ 50 ತೆಗೆದರೆ ಅದರಲ್ಲಿ 8 ಬಿಳಿ. ಇಡೀ ಪಾತ್ರೆಯಲ್ಲೂ ಬಿಳಿಯ ಪಾಲು ಇಷ್ಟೇ ಅಂತ ಹಿಡಿದರೆ, ನಲವತ್ತು ಬಿಳಿ ಇರುವ ಪಾತ್ರೆಯಲ್ಲಿ ಒಟ್ಟು ಸುಮಾರು 250 ಇರಬೇಕು. ಎಲ್ಲವನ್ನೂ ಸುರಿದು ಎಣಿಸಿದೆವು, 261. ಹುಲಿ ಎಣಿಸುವುದರ ಹಿಂದೆಯೂ ಇದೇ ಲೆಕ್ಕ. ಬಣ್ಣ ಹಚ್ಚುವ ಕೆಲಸವನ್ನು ಹುಲಿಯ ಪಟ್ಟೆಗಳೇ ಮಾಡಿರುತ್ತವೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಅದೇ ಹುಲಿಯ ಎಡಮೈ ಬಲಮೈ ಕೂಡ ಬೇರೆಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡುವುದು. 1990ರ ದಶಕದಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಈ ವಿಧಾನವನ್ನು ಮಾಡಿ ತೋರಿಸಿದ್ದು ನಮ್ಮ ಕಾಲೇಜಿಗೆ ಇಷ್ಟು ಹತ್ತಿರದ ನಾಗರಹೊಳೆಯಲ್ಲೇ ಅಂತ ಕೇಳಿ ನನಗೆ ಹೆಮ್ಮೆಯಾಗಿತ್ತು. ಅದಕ್ಕೂ ಮೊದಲು ಹೆಜ್ಜೆಗುರುತನ್ನು ಗಾಜಿನ ಮೇಲೆ ಬರೆದುಕೊಂಡು ಎಣಿಸುತ್ತಿದ್ದರಂತೆ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿ ಒಂದೂ ಉಳಿದಿಲ್ಲ ಅಂತ 2005ರಲ್ಲಿ ದೇಶಕ್ಕೆ ಗೊತ್ತಾಯಿತಲ್ಲ, ಅಲ್ಲಿಯ ಲೆಕ್ಕದ ಪುಸ್ತಕದಲ್ಲಿ ಅಲ್ಲಿಯವರೆಗೂ ಹುಲಿಗಳಿದ್ದವು. ಇದನ್ನು ಹೇಳುವಾಗ ಸರ್ ದನಿ ಸಣ್ಣದಾಗುತ್ತಿತ್ತು.

ಇನ್ನು ಬೆಳಗಿನ ಜಾವ ಎದ್ದು ಟ್ರಾನ್ಸೆಕ್ಟ್ ನಡೆದದ್ದು, ಅಂದರೆ ಕಾಡಿನಲ್ಲಿ ಗೆರೆ ಎಳೆದ ಹಾಗೆ ಗೊತ್ತುಮಾಡಿದ ದಾರಿಯಲ್ಲಿ ಪ್ರಾಣಿ ಎಣಿಸುತ್ತಾ ನಡೆದದ್ದು, ವನ್ಯಜೀವಿ ಕಾಯ್ದೆಯ ಷೆಡ್ಯೂಲುಗಳನ್ನು (ಪ್ರಾಣಿಗಳ ಪಟ್ಟಿಗಳನ್ನು) ಉರುಹೊಡೆದದ್ದು ಎಲ್ಲ ಇತ್ತು. ಆದರೆ ನನ್ನನ್ನು ಬದಲಾಯಿಸಿದ್ದು ಮತ್ತಿಗೋಡು ಆನೆ ಶಿಬಿರಕ್ಕೆ ಹೋದ ದಿನ.

ಹಿಂದಿನ ರಾತ್ರಿ ಮಳೆ ಬಂದು ನೆಲ ಹಸಿಯಾಗಿತ್ತು. ಮಾವುತರು ಒಂದು ಹೆಣ್ಣಾನೆಯನ್ನು ಮೆಲ್ಲಗೆ ನಡೆಸಿಕೊಂಡು ಹೋದರು. ಸರ್ ನನ್ನ ಕೈಗೆ ದಾರ ಕೊಟ್ಟರು. "ಮುಂಗಾಲು ಯಾವುದು, ಹಿಂಗಾಲು ಯಾವುದು ಹೇಳಮ್ಮ." ದುಂಡಗಿರುವುದು ಮುಂಗಾಲು, ಉದ್ದುದ್ದ ಮೊಟ್ಟೆಯ ಹಾಗಿರುವುದು ಹಿಂಗಾಲು. ಮುಂಗಾಲಿನ ಗುರುತಿನ ಅಂಚಿಗೆ ಸುತ್ತಲೂ ದಾರ ಇಟ್ಟು ಅಳೆದೆ. ಮೂರು ಅಡಿ ಹತ್ತು ಇಂಚು. "ಈಗ ಅದರ ಎರಡರಷ್ಟು ಮಾಡು." ಏಳು ಅಡಿ ಎಂಟು ಇಂಚು. ಆಮೇಲೆ ಆನೆಯ ಪಕ್ಕ ಕೋಲು ನಿಲ್ಲಿಸಿ ಭುಜದ ಎತ್ತರ ನೋಡಿದರೆ, ಏಳು ಅಡಿ ಏಳು ಇಂಚು!

ನಮ್ಮ ಗದ್ದೆಯಲ್ಲಿ ಅಂಥ ಗುರುತು ಎಷ್ಟು ನೋಡಿದ್ದೆ ನಾನು. ಪ್ರತಿ ಸಲವೂ ತುಳಿದುಹೋದ ಭತ್ತ ಮಾತ್ರ ಕಂಡಿತ್ತು. ಬಂದದ್ದು ಗಂಡೋ, ಮರಿ ಕಟ್ಟಿಕೊಂಡ ತಾಯಿಯೋ, ದಿನಾ ಬರುವುದು ಒಂದೇ ಆನೆಯೋ, ಒಂದು ಸಲವೂ ಕೇಳಿಕೊಂಡಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸರ್ ಪಕ್ಕ ಕೂತು ಊರಿನ ಕಥೆ ಹೇಳಿದೆ. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತ್ತು. ಆಲೂರು ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸುವುದು ಅಂತಾಗಿ, 22 ಆನೆ ಹಿಡಿದರು. ಪೀಡೆ ತೊಲಗಿತು ಅಂತ ಊರಲ್ಲಿ ಪಾಯಸ ಮಾಡಿದ್ದೆವು. ಆದರೆ ಮತ್ತೆ ಬಂದವು. "ಯಾಕೆ ಸರ್?" ಅಂತ ಕೇಳಿದೆ.

ಅವರು ತಕ್ಷಣ ಉತ್ತರ ಹೇಳಲಿಲ್ಲ. ನಿಮ್ಮ ಕಡೆ ಹಗಲು ನಿಲ್ಲೋಕೆ ನೆರಳು ಇದೆಯಾ, ನೀರು ಇದೆಯಾ, ತಿನ್ನೋಕೆ ಏನಿದೆ ಅಂತ ಒಂದೊಂದೇ ಕೇಳಿದರು. ಕಾಫಿ ತೋಟದ ನೆರಳು, ಹೇಮಾವತಿ ಹಿನ್ನೀರು, ಭತ್ತ, ಹಲಸು, ಬಾಳೆ. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಯಿತು. ಇದ್ದ ಆನೆಗಳು ಹೋದವು, ಜಾಗ ಹಾಗೇ ಇತ್ತು. ಖಾಲಿ ಜಾಗಕ್ಕೆ ಬೇರೆಯವು ಬಂದವು. "ಹಾಗಂತ ನಿಮ್ಮಪ್ಪನ ನಷ್ಟ ಸುಳ್ಳಲ್ಲ. ಅದನ್ನೂ ಬರೆದಿಡು, ಎಷ್ಟು ಗದ್ದೆ, ಯಾವ ತಿಂಗಳು, ಎಷ್ಟು ಆನೆ. ಸುಮ್ನೆ ಜಾಸ್ತಿ ಅಂದ್ರೆ ಯಾರೂ ಕೇಳಲ್ಲ" ಅಂದರು.

ಅವತ್ತಿನಿಂದ ಬರೆದಿಡುತ್ತಿದ್ದೇನೆ. ಈಗ ನನ್ನ ಕೆಲಸವೂ ಅದೇ. ಹಾಸನದ ತೋಟಗಳಲ್ಲಿ ಆನೆ ಎಲ್ಲಿದೆ ಅಂತ ಹುಡುಕಿ ಊರಿನವರ ಮೊಬೈಲಿಗೆ ತಿಳಿಸುವ ತಂಡದಲ್ಲಿದ್ದೇನೆ. ನಮ್ಮ ಕಡೆ ಜೀವ ಹೋಗುವುದು ಬಹಳ ಸಲ ಎದುರಿಗೆ ಆನೆ ಇದೆ ಅಂತ ಗೊತ್ತಿಲ್ಲದೆ ಬೆಳಿಗ್ಗೆ ಕೆಲಸಕ್ಕೆ ಹೊರಟವರದು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಅಂದರು. ದೇಶದಲ್ಲೇ ನಮ್ಮಲ್ಲಿ ಜಾಸ್ತಿ. ಆ ದೊಡ್ಡ ಸಂಖ್ಯೆಯೊಳಗೆ ಇವತ್ತು ನಮ್ಮೂರ ಕೆರೆ ಏರಿ ಮೇಲೆ ನಿಂತಿರುವ ಒಂದು ಆನೆ ಎಲ್ಲರಿಗೂ ಗೊತ್ತಾಗಬೇಕು, ಅಲ್ವಾ?

ದಾರದ ಲೆಕ್ಕವನ್ನು ಅಪ್ಪನಿಗೂ ಹೇಳಿಕೊಟ್ಟಿದ್ದೆ. ಅವರ ಸಿಟ್ಟು ಹೋಗಿಲ್ಲ, ಬಿಟ್ಟುಬಿಡಿ ಅಂತ ನಾನು ಹೇಳಿಯೂ ಇಲ್ಲ. ಕಳೆದ ಕಾರ್ತೀಕದಲ್ಲಿ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. ಮೂಲೆ ಗದ್ದೆ ಹೋಗಿತ್ತು. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಗ್ಗ ಇಟ್ಟು ನೋಡ್ದೆ ಕಣಮ್ಮ. ನಾಲ್ಕೂವರೆ ಅಡಿ ಬಂತು. ಒಂಟಿ. ಹೊಸದು ಅನ್ಸುತ್ತೆ, ಬರ್ಕೋ" ಅಂದರು.