ಅರವತ್ತರ ವೇಗದಲ್ಲಿ ಬರುತ್ತಿದ್ದ ಹೊಡೆತ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಡೀಸೆಲ್ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೊಸದೊಂದು ತಕರಾರು ತೆಗೆಯಿತು. ಶಿವಮೊಗ್ಗದಿಂದ ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರ್ ಆಗುವವರೆಗೆ ಏನೂ ಇರುತ್ತಿರಲಿಲ್ಲ. ಭದ್ರಾವತಿ ದಾಟಿ ತರೀಕೆರೆಯ ಕಡೆಗೆ ಗಂಟೆಗೆ ಅರವತ್ತರ ಆಸುಪಾಸಿನ ವೇಗದಲ್ಲಿ, ಆಕ್ಸಿಲರೇಟರಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟುಕೊಂಡು ಹೋಗುತ್ತಿರುವಾಗ, ಹಿಂದಿನ ಗಾಡಿಯವನು ಬಂಪರಿಗೆ ತಾಗಿಸಿಬಿಟ್ಟನೇನೋ ಎಂಬಂತೆ ಒಂದು ಹೊಡೆತ ಬರುತ್ತಿತ್ತು. ಒಮ್ಮೆ ಬಂದ ಮೇಲೆ ಕಾರು ನೂರು ಕಿಲೋಮೀಟರ್ ಬೇಕಾದರೂ ಸುಮ್ಮನೆ ಓಡುತ್ತಿತ್ತು. ಬ್ರೇಕ್ ತುಳಿದು ಮತ್ತೆ ವೇಗ ಹಿಡಿದರೆ ಹೊಡೆತ ಪುನಃ ಹಾಜರಾಗುತ್ತಿತ್ತು.

ಗಾಡಿ ಆಗ 1,12,000 ಕಿಲೋಮೀಟರ್ ಓಡಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಒಂದು ಸುತ್ತು ಓಡಿಸಿ ನೋಡಿದ ಮೆಕ್ಯಾನಿಕ್, "ಸಾರ್, ಬಾಕ್ಸ್ ಹೋಗಿದೆ, ಇಳಿಸ್ಬೇಕಾಗ್ತದೆ" ಎಂದರು. ಖರ್ಚು ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ ಎಂದೂ ಸೇರಿಸಿದರು. ಸ್ಕ್ಯಾನರ್ ಹಾಕಿದಾಗ ಒಂದೇ ಒಂದು ದೋಷಸಂಕೇತವೂ ಇರಲಿಲ್ಲ. ಸಂಕೇತವಿಲ್ಲದ ಕಾಯಿಲೆಗೆ ಒಂದೂವರೆ ಲಕ್ಷದ ಶಸ್ತ್ರಚಿಕಿತ್ಸೆ ಏಕೆ ಎಂಬ ಪ್ರಶ್ನೆ ನನ್ನನ್ನು ಎರಡು ತಿಂಗಳು ಈ ವಿಷಯದ ಹಿಂದೆ ಓಡಾಡಿಸಿತು.

ಮೊದಲು ತೀರ್ಮಾನವಾಗಬೇಕಿದ್ದದ್ದು, ಈ ಹೊಡೆತ ಗೇರ್ ಬದಲಾವಣೆಯದೋ ಅಥವಾ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರಿನ ಲಾಕಪ್ಪಿನದೋ ಎಂಬುದು. ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ಕನ್ವರ್ಟರಿನ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಒಂದೇ ಗಡಿಗೆಯಲ್ಲಿ ಎರಡು ಕಡೆಗೋಲು ಇಳಿಬಿಟ್ಟು ಒಂದನ್ನು ಮಾತ್ರ ತಿರುಗಿಸಿದರೆ, ಮಜ್ಜಿಗೆಯ ಸುಳಿಗೆ ಸಿಕ್ಕಿ ಇನ್ನೊಂದೂ ತಿರುಗುತ್ತದೆ, ಆದರೆ ಅದು ಮೊದಲನೆಯದರ ವೇಗವನ್ನು ಎಂದೂ ಪೂರ್ತಿ ಮುಟ್ಟಲಾರದು. ಕನ್ವರ್ಟರಿನಲ್ಲಿ ಎಂಜಿನ್ ತಿರುಗಿಸುವ ಇಂಪೆಲ್ಲರ್ ಮೊದಲನೆಯ ಕಡೆಗೋಲು, ಗೇರ್‌ಬಾಕ್ಸಿಗೆ ಜೋಡಿಸಿರುವ ಟರ್ಬೈನ್ ಎರಡನೆಯದು, ನಡುವೆ ಇರುವ ಎಣ್ಣೆಯೇ ಮಜ್ಜಿಗೆ. ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದ್ದರೆ ಟರ್ಬೈನ್ 1,600 ಸುತ್ತು ತಿರುಗುತ್ತಿರಬಹುದು. ಈ 200ರ ಅಂತರವನ್ನೇ ಸ್ಲಿಪ್ ಎನ್ನುತ್ತಾರೆ. ನಿಂತ ಕಾರು ಹೊರಡುವಾಗ ಈ ಜಾರುವಿಕೆ ಉಪಕಾರಿ, ಏಕೆಂದರೆ ನಡುವೆ ಇರುವ ಸ್ಟೇಟರ್ ಎಂಬ ರೆಕ್ಕೆಚಕ್ರ ಎಣ್ಣೆಯ ಹರಿವನ್ನು ತಿರುಗಿಸಿ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚಿಸುವುದು ಆಗಲೇ. ಸಮವೇಗದಲ್ಲಿ ಹೋಗುವಾಗ ಮಾತ್ರ ಅದು ಬರೀ ಬಿಸಿಯಾಗಿ ನಷ್ಟವಾಗುತ್ತದೆ. ಆದ್ದರಿಂದ ಒಂದು ಹಂತದ ನಂತರ ಕನ್ವರ್ಟರಿನ ಒಳಗಿನ ಒಂದು ಕ್ಲಚ್ ಇಂಪೆಲ್ಲರ್, ಟರ್ಬೈನ್ ಎರಡನ್ನೂ ಒಟ್ಟಿಗೆ ಹಿಡಿದುಬಿಡುತ್ತದೆ. ಅದೇ ಲಾಕಪ್.

ದ್ರವದ ಮೂಲಕ ಶಕ್ತಿ ಸಾಗಿಸುವ ಈ ಉಪಾಯ ಹುಟ್ಟಿದ್ದು ಕಾರಿಗಾಗಿ ಅಲ್ಲ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗಿನ ಟರ್ಬೈನಿನ ವೇಗವನ್ನು ಪ್ರೊಪೆಲ್ಲರಿಗೆ ಹೊಂದಿಸಲು. ಕಾರಿನಲ್ಲಿ ಲಾಕಪ್ ಕ್ಲಚ್ ಕಾಣಿಸಿಕೊಂಡದ್ದು 1949ರ ಪ್ಯಾಕರ್ಡ್ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ. ತೈಲದ ಬಿಕ್ಕಟ್ಟಿನ ನಂತರ, 1978ರ ಮಾದರಿಗಳಲ್ಲಿ ಕ್ರೈಸ್ಲರ್ ಅದನ್ನು ಮತ್ತೆ ಬಳಕೆಗೆ ತಂದಿತು. ಆ ಕಾಲದ ಲಾಕಪ್ಪಿಗೆ ಹಿಡಿಯುವುದು, ಬಿಡುವುದು ಎಂಬ ಎರಡೇ ಸ್ಥಿತಿಗಳಿದ್ದವು. ನಡುವಿನ ದಾರಿ ಇರಲಿಲ್ಲ. ಇಂದಿನ ಗೇರ್‌ಬಾಕ್ಸುಗಳಲ್ಲಿ ಕಂಪ್ಯೂಟರು ಸೊಲೆನಾಯ್ಡ್ ಎಂಬ, ಕರೆಂಟಿಗೆ ಒಳಗಿನ ಕಡ್ಡಿ ಸರಿಯುವ ಸುರುಳಿಯೊಂದಕ್ಕೆ ಹಂತಹಂತವಾಗಿ ವಿದ್ಯುತ್ತನ್ನು ಏರಿಸುತ್ತ, ಕ್ಲಚ್ಚಿನ ಮೇಲಿನ ಎಣ್ಣೆಯ ಒತ್ತಡವನ್ನು ಮೆಲ್ಲಗೆ ಹೆಚ್ಚಿಸಿ, ಸ್ಲಿಪ್ಪನ್ನು ಒಂದೆರಡು ಸೆಕೆಂಡಿನಲ್ಲಿ ಇಳಿಸುತ್ತದೆ. ನನ್ನ ಕಾರು ನನ್ನನ್ನೇ ಕೇಳದೆ 1978ಕ್ಕೆ ಹಿಂದಿರುಗಿತ್ತು ಎಂದು ಈಗ ತಮಾಷೆಯಾಗಿ ಹೇಳಬಹುದು. ಆಗ ಅದು ತಮಾಷೆಯಾಗಿರಲಿಲ್ಲ.

ಗೇರ್ ಬದಲಾವಣೆಗೂ ಲಾಕಪ್ಪಿಗೂ ಇರುವ ವ್ಯತ್ಯಾಸವನ್ನು ಎಂಜಿನಿನ ಸುತ್ತು ತೋರಿಸುವ ಟ್ಯಾಕೋಮೀಟರಿನಲ್ಲಿಯೇ ನೋಡಬಹುದು. ಮೂರರಿಂದ ನಾಲ್ಕನೆಯ ಗೇರಿಗೆ ಹೋದರೆ ಮುಳ್ಳು ಐದಾರು ನೂರು ಸುತ್ತು ಇಳಿಯುತ್ತದೆ, ಲಾಕಪ್ ಆದರೆ ಇಳಿಯುವುದು ನೂರೈವತ್ತರಿಂದ ಇನ್ನೂರೈವತ್ತು ಮಾತ್ರ. ಇದಕ್ಕಿಂತ ಖಚಿತವಾದ ಗುರುತು ಟರ್ಬೈನಿನ ವೇಗದಲ್ಲಿದೆ. ಗೇರ್ ಬದಲಾದಾಗ ಎಂಜಿನ್ ಮತ್ತು ಟರ್ಬೈನ್ ಎರಡೂ ಕೆಳಗಿಳಿಯುತ್ತವೆ. ಲಾಕಪ್ ಆದಾಗ ಟರ್ಬೈನ್ ಇದ್ದಲ್ಲಿಯೇ ಇರುತ್ತದೆ, ಎಂಜಿನ್ ಮಾತ್ರ ಇಳಿದು ಬಂದು ಅದನ್ನು ಕೂಡಿಕೊಳ್ಳುತ್ತದೆ. ಬೆಳಗಿನ ಏಳು ಗಂಟೆಗೆ, ಹಿಂದೆ ಯಾವ ವಾಹನವೂ ಇಲ್ಲದ ನೇರ ರಸ್ತೆಯಲ್ಲಿ, ಎಪ್ಪತ್ತರ ಸಮವೇಗದಲ್ಲಿ ಹೋಗುತ್ತ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಿಂಬದಿಯ ದೀಪ ಹೊತ್ತುವಷ್ಟು ಮಾತ್ರ ಒತ್ತಿದೆ. ಬ್ರೇಕ್ ಸ್ವಿಚ್ಚಿನ ಸೂಚನೆ ಸಿಕ್ಕಿದ ಕೂಡಲೇ ಕಂಪ್ಯೂಟರು ಲಾಕಪ್ಪನ್ನು ಬಿಡುತ್ತದೆ, ಮುಳ್ಳು ಇನ್ನೂರು ಸುತ್ತು ಮೇಲೇರಿತು. ಪೆಡಲ್ ಬಿಟ್ಟ ಎರಡು ಸೆಕೆಂಡಿಗೆ ಅದೇ ಹೊಡೆತ ಬಂತು. ಐದು ಸಲ ಮಾಡಿದಾಗ ಐದೂ ಸಲ ಬಂತು, ಗೇರ್ ಸೂಚಕದಲ್ಲಿ ಅಂಕಿ ಒಮ್ಮೆಯೂ ಬದಲಾಗಲಿಲ್ಲ. ಗೇರ್‌ಬಾಕ್ಸಿನ ಉಳಿದ ಕ್ಲಚ್ಚುಗಳ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಲಾಕಪ್ಪಿನ ಹೊಡೆತವನ್ನೂ ಲಾಕಪ್ಪಿನ ನಡುಕವನ್ನೂ ಬಹಳ ಜನ ಒಂದೇ ಎಂದುಕೊಳ್ಳುತ್ತಾರೆ. ರಸ್ತೆಯ ಸಾಲುಗೆರೆಗಳ ಮೇಲೆ ಚಕ್ರ ಹೋದಂತೆ ಗಡಗಡ ಎನ್ನುವ ನಡುಕ ಬಂದರೆ, ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತಿದೆ ಎಂದರ್ಥ, ಮತ್ತು ಹೆಚ್ಚಿನ ಸಲ ಎಣ್ಣೆಯಲ್ಲಿನ ಘರ್ಷಣೆ ನಿಯಂತ್ರಿಸುವ ರಾಸಾಯನಿಕಗಳು ಸವೆದಿರುತ್ತವೆ. ಎಂಜಿನಿನ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಲಾಕಪ್ ಆದಾಗಲೇ ಅದು ದೇಹಕ್ಕೆ ತಿಳಿಯುತ್ತದೆ, ಏಕೆಂದರೆ ನಡುವೆ ಮೆತ್ತೆಯಂತಿದ್ದ ಎಣ್ಣೆ ಆಗ ದಾರಿ ಬಿಟ್ಟುಕೊಟ್ಟಿರುತ್ತದೆ. ನನ್ನದು ಇವೆರಡೂ ಅಲ್ಲ. ಒಂದೇ ಹೊಡೆತ, ನಂತರ ಪೂರ್ತಿ ಮೌನ.

ಈ ನಡುವೆ ನಾನೇ ಒಂದು ತಪ್ಪು ಮಾಡಿದೆ. ಎಂಜಿನನ್ನು ಹೊತ್ತಿರುವ ಮೌಂಟಿನ ರಬ್ಬರು ಸೀಳಿದ್ದು ಕಂಡು, ಅದೇ ಕಾರಣವಿರಬೇಕೆಂದು ಹೊಸದನ್ನು ಹಾಕಿಸಿದೆ. ಹೊಡೆತದ ಸದ್ದು ಕಡಿಮೆಯಾಯಿತು, ಹೊಡೆತ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಮೌಂಟ್ ಹೇಗೂ ಬದಲಾಗಬೇಕಿತ್ತು ಎಂದು ಸಮಾಧಾನ ಮಾಡಿಕೊಂಡರೂ, ಹಾಳಾದ ಮೌಂಟ್ ಹೊಡೆತವನ್ನು ದೊಡ್ಡದು ಮಾಡಬಲ್ಲದೇ ಹೊರತು ಹುಟ್ಟಿಸಲಾರದು ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಮುಂದಿನ ಹಂತವೇ ಇಡೀ ಪತ್ತೆಯ ತಿರುಳು. ಕಂಪ್ಯೂಟರು ಏನು ಹೇಳುತ್ತಿದೆ, ಕ್ಲಚ್ ಏನು ಮಾಡುತ್ತಿದೆ ಎಂಬ ಎರಡನ್ನೂ ಒಟ್ಟಿಗೆ ದಾಖಲಿಸಬೇಕಿತ್ತು. ಕಾರಿನ ಕಂಪ್ಯೂಟರನ್ನು ಓದಲು ಸಿಕ್ಕಿಸುವ ಸಾಮಾನ್ಯ ಒಬಿಡಿ ಅಡಾಪ್ಟರುಗಳು ಎಂಜಿನಿನ ವೇಗವನ್ನು ಕೊಡುತ್ತವೆ, ಆದರೆ ಟರ್ಬೈನ್ ವೇಗ, ಗೇರ್ ಆಯಿಲಿನ ಉಷ್ಣತೆ ಮತ್ತು ಲಾಕಪ್ ಸೊಲೆನಾಯ್ಡಿಗೆ ಕಂಪ್ಯೂಟರು ಕೊಡುವ ಆದೇಶ ತಯಾರಕರ ಸ್ವಂತ ವಿಳಾಸಗಳಲ್ಲಿ ಇರುವುದರಿಂದ ಅದಕ್ಕೆ ತಕ್ಕ ಸ್ಕ್ಯಾನರ್ ಬೇಕಾಗುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಂದ ಒಂದು ದಿನದ ಮಟ್ಟಿಗೆ ಅದನ್ನು ಎರವಲು ತಂದೆ. ಮೊದಲ ಓಟದಲ್ಲಿ ಇಪ್ಪತ್ತು ಅಂಶಗಳನ್ನು ಒಟ್ಟಿಗೆ ದಾಖಲಿಸಲು ಹೋದದ್ದರಿಂದ ಎರಡು ಸೆಕೆಂಡಿಗೆ ಒಂದು ಓದು ಬಂತು, ಹೊಡೆತ ಎರಡು ಓದುಗಳ ನಡುವೆ ಕಳೆದುಹೋಯಿತು. ಎರಡನೆಯ ಓಟದಲ್ಲಿ ನಾಲ್ಕನ್ನು ಮಾತ್ರ ಇಟ್ಟುಕೊಂಡೆವು. ನನ್ನ ಭಾವಮೈದುನ ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪ್ ನೋಡುತ್ತಿದ್ದ, ನಾನು ರಸ್ತೆಯನ್ನು ಮಾತ್ರ ನೋಡುತ್ತಿದ್ದೆ. ಈ ಕೆಲಸವನ್ನು ಒಬ್ಬರೇ ಮಾಡಕೂಡದು.

ಮನೆಗೆ ಬಂದು ದಾಖಲೆಯನ್ನು ಬಿಡಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಆದೇಶ ಶೇಕಡಾ 20ರಿಂದ ಆರಂಭವಾಗಿ 30, 40, 50 ಎಂದು ಸಾವಕಾಶವಾಗಿ ಏರುತ್ತಿತ್ತು, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಸ್ಲಿಪ್ ಮಾತ್ರ ಆ ಏರಿಕೆ ತನಗೆ ಸಂಬಂಧವೇ ಇಲ್ಲವೆಂಬಂತೆ 190ರಲ್ಲಿಯೇ ನಿಂತಿತ್ತು. ಆದೇಶ 60 ದಾಟಿದ ಮುಂದಿನ ಓದಿನಲ್ಲಿ ಸ್ಲಿಪ್ ಸೊನ್ನೆ. ನಡುವೆ ಒಂದೂ ಮೆಟ್ಟಿಲಿಲ್ಲ. ಆದೇಶವೇ ಒಮ್ಮೆಲೇ ನೆಗೆದಿದ್ದರೆ ನಾನು ಕಂಪ್ಯೂಟರು ಗಾಡಿಗೆ ಹೊಂದಿಕೊಳ್ಳುತ್ತ ನೆನಪಿಟ್ಟುಕೊಳ್ಳುವ ಕಲಿಕೆಯ ಮೌಲ್ಯಗಳನ್ನು, ಥ್ರಾಟಲ್ ಅಥವಾ ಉಷ್ಣತೆಯ ಸೆನ್ಸರುಗಳನ್ನು ಅನುಮಾನಿಸಬೇಕಾಗುತ್ತಿತ್ತು. ಆದೇಶ ಮೃದುವಾಗಿದ್ದು ಕ್ಲಚ್ ಮಾತ್ರ ಒರಟಾಗಿದ್ದರೆ, ದೋಷ ಇವೆರಡರ ನಡುವೆ ಇರುವ ಸೊಲೆನಾಯ್ಡ್, ವಾಲ್ವ್ ಮತ್ತು ಎಣ್ಣೆಯಲ್ಲಿ ಇರಲೇಬೇಕು. ದೋಷಸಂಕೇತ ಏಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ಲಾಕಪ್ ಆದ ಮೇಲೂ ಸ್ಲಿಪ್ ಉಳಿದಿದ್ದರೆ ಪಿ0741, ಬಿಡಬೇಕಾದಾಗ ಬಿಡದಿದ್ದರೆ ಪಿ0742 ಬರುತ್ತದೆ. ನಮ್ಮದು ತಡವಾಗಿಯಾದರೂ ಪೂರ್ತಿ ಹಿಡಿಯುತ್ತಿತ್ತು, ಬಿಡಬೇಕಾದಾಗ ಬಿಡುತ್ತಲೂ ಇತ್ತು. ಕಂಪ್ಯೂಟರಿಗೆ ಅಷ್ಟೇ ಸಾಕು. ಪ್ರಯಾಣಿಕನ ಕತ್ತು ಉಳುಕಿದ್ದನ್ನು ಅಳೆಯುವ ಸೆನ್ಸರ್ ಅದಕ್ಕಿಲ್ಲ.

ಅಗ್ಗದ ಕಡೆಯಿಂದ ಹೊರಡುವುದೇ ನ್ಯಾಯ ಎಂದು ಮೊದಲು ಎಣ್ಣೆಗೆ ಕೈ ಹಾಕಿದೆ. ಡಿಪ್‌ಸ್ಟಿಕ್ ಇಲ್ಲದ ಇಂಥ ಗೇರ್‌ಬಾಕ್ಸಿನಲ್ಲಿ ಮಟ್ಟವನ್ನು ನೋಡುವುದು ಎಂಜಿನ್ ಚಾಲೂ ಇರುವಾಗ, ತಯಾರಕರು ಹೇಳಿದ ಉಷ್ಣತೆಯಲ್ಲಿ, ಮಟ್ಟದ ಬಿರಡೆ ತೆಗೆದು ಎಣ್ಣೆ ಸಣ್ಣಗೆ ತೊಟ್ಟಿಕ್ಕುತ್ತದೆಯೇ ಎಂದು. ಕುದಿಯುವಷ್ಟು ಬಿಸಿಯಿರುವಾಗ ನೋಡಿದರೆ ಹಿಗ್ಗಿದ ಎಣ್ಣೆ ಹೆಚ್ಚಾಗಿರುವಂತೆ ಕಂಡು ಮೋಸವಾಗುತ್ತದೆ. ಮಟ್ಟ ಸರಿಯಿತ್ತು, ಬಣ್ಣ ಮಾತ್ರ ಕಪ್ಪುಗಂದು. ಗೇರ್‌ಬಾಕ್ಸಿನ ತಳದ ಎಣ್ಣೆ ಪ್ಯಾನಿನ ಆಯಸ್ಕಾಂತದ ಮೇಲೆ ಬೂದುಬಣ್ಣದ ನಯವಾದ ಲೇಪವಿತ್ತು, ಅದು ವಯಸ್ಸಿಗೆ ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದಿದ್ದರೆ ಆ ಮೊದಲ ಮೆಕ್ಯಾನಿಕ್ಕಿನ ಮಾತನ್ನು ನಾನು ಒಪ್ಪಿಕೊಳ್ಳುತ್ತಿದ್ದೆ. ಒಟ್ಟು ಹತ್ತು ಲೀಟರಿನಲ್ಲಿ ಒಮ್ಮೆಗೆ ಇಳಿಯುವುದು ನಾಲ್ಕೇ ಲೀಟರ್, ಉಳಿದದ್ದು ಕನ್ವರ್ಟರಿನಲ್ಲಿಯೂ ಕೂಲರಿನಲ್ಲಿಯೂ ಉಳಿಯುತ್ತದೆ. ಆದ್ದರಿಂದ ನಡುನಡುವೆ ಕಾರು ಓಡಿಸಿ ಮೂರು ಸಲ ಬದಲಿಸಿದಾಗ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೊಸ ಎಣ್ಣೆಯಾಯಿತು. ಈ ಎಣ್ಣೆ ಆಜೀವ ಬಾಳುತ್ತದೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ, ಆದರೆ ಗೇರ್‌ಬಾಕ್ಸುಗಳನ್ನೇ ತಯಾರಿಸುವ ಜೆಡ್‌ಎಫ್ ಸಂಸ್ಥೆ ತನ್ನ ಗೇರ್‌ಬಾಕ್ಸುಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ 8 ವರ್ಷಕ್ಕೆ ಬದಲಿಸಲು ಸಲಹೆ ಕೊಡುತ್ತದೆ.

ಹೊಸ ಎಣ್ಣೆಯಿಂದ ಹೊಡೆತ ಅರ್ಧದಷ್ಟು ಇಳಿಯಿತು. ಆದರೆ ಎಣ್ಣೆಯ ಉಷ್ಣತೆ 85 ಡಿಗ್ರಿ ದಾಟಿದೊಡನೆ ಅದು ಮತ್ತೆ ಮರಳಿತು. ಸೊಲೆನಾಯ್ಡಿನ ತಂತಿಯ ರೋಧವನ್ನು ಅಳೆದಾಗ 5.3 ಓಮ್ ಬಂತು, ಈ ಬಗೆಯ ಸೊಲೆನಾಯ್ಡಿಗೆ ಅದು ಸರಿಯಾದ ಅಳತೆ. ಬಹಳ ಗ್ಯಾರೇಜುಗಳಲ್ಲಿ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ಓಮ್ ಮೀಟರು ಹೇಳುವುದು ಸುರುಳಿ ಕಡಿದಿಲ್ಲ ಎಂಬುದನ್ನು ಮಾತ್ರ, ಅದರೊಳಗಿನ ಕಡ್ಡಿ ಸಲೀಸಾಗಿ ಸರಿಯುತ್ತದೆ ಎಂಬುದನ್ನಲ್ಲ.

ಕೊನೆಗೆ ಎರಡನೆಯ ಗ್ಯಾರೇಜಿನವರು ಗೇರ್‌ಬಾಕ್ಸನ್ನು ಇಳಿಸದೆ, ಪ್ಯಾನ್ ತೆಗೆದು ಕೆಳಗಿನಿಂದಲೇ ಸೊಲೆನಾಯ್ಡು, ವಾಲ್ವುಗಳು ಕೂತಿರುವ ವಾಲ್ವ್ ಬಾಡಿಯನ್ನು ಬಿಚ್ಚಿದರು. ಹಳೆಯ ಸೊಲೆನಾಯ್ಡನ್ನೂ ಹೊಸದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹೆಚ್ಚುಕಡಿಮೆ ಮಾಡಬಹುದಾದ ವಿದ್ಯುತ್ ಪೂರೈಕೆಯಿಂದ ಎರಡಕ್ಕೂ ಮೆಲ್ಲಗೆ ಕರೆಂಟ್ ಏರಿಸಿ ತೋರಿಸಿದರು. ಹೊಸದರ ಕಡ್ಡಿ ಕರೆಂಟಿನ ಜೊತೆಜೊತೆಗೆ ಜರುಗಿತು. ಹಳೆಯದು ಅರ್ಧ ದಾರಿಯವರೆಗೆ ಅಲ್ಲಾಡದೆ ಕುಳಿತು, ಆಮೇಲೆ ಟಕ್ಕೆಂದು ಕೊನೆಗೆ ನೆಗೆಯಿತು. ನಮ್ಮ ದಾಖಲೆಯಲ್ಲಿದ್ದ 190 ಮತ್ತು ಸೊನ್ನೆಯ ಕಥೆಯನ್ನು ಕಣ್ಣಾರೆ ಕಂಡಂತಾಯಿತು. ಲಾಕಪ್ ವಾಲ್ವ್ ಇರುವ ರಂಧ್ರ ಸವೆದಿರಲಿಲ್ಲ. ಸವೆದಿದ್ದರೆ ವಾಲ್ವ್ ಬಾಡಿಯನ್ನೇ ದುರಸ್ತಿ ಮಾಡಬೇಕಾಗುತ್ತಿತ್ತು. ಸೊಲೆನಾಯ್ಡ್, ಫಿಲ್ಟರ್, ಗ್ಯಾಸ್ಕೆಟ್, ಎಣ್ಣೆ ಮತ್ತು ಕೂಲಿ ಸೇರಿ 21,000 ರೂಪಾಯಿ ಆಯಿತು.

ಲಾಕಪ್ಪನ್ನೇ ಶಾಶ್ವತವಾಗಿ ಕಡಿದುಹಾಕಿ ಓಡಿಸಬಹುದಲ್ಲ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಹೊಡೆತ ನಿಲ್ಲುವುದು ನಿಜ. ಆದರೆ ಆ 200 ಸುತ್ತಿನ ಜಾರುವಿಕೆ ಬಿಸಿಯಾಗಿ ಎಣ್ಣೆಗೆ ಸೇರುತ್ತಲೇ ಇರುತ್ತದೆ, ಚಾರ್ಮಾಡಿಯಂಥ ಘಾಟಿ ಹತ್ತುವಾಗ ಅದರ ಬೆಲೆ ತೆರಬೇಕಾಗುತ್ತದೆ.

ಹಳೆಯ ಸೊಲೆನಾಯ್ಡಿಗೆ ಹೊಂದಿಕೊಂಡಿದ್ದ ಕಲಿಕೆಯ ಮೌಲ್ಯಗಳನ್ನು ಸ್ಕ್ಯಾನರಿನಿಂದ ಅಳಿಸಿದ ಮೇಲೆ ಮೊದಲ ಇನ್ನೂರು ಕಿಲೋಮೀಟರ್ ಗೇರುಗಳು ತುಸು ಅನುಮಾನಿಸುತ್ತಲೇ ಬಿದ್ದವು, ನಂತರ ಸರಿಹೋದವು. ಅದೇ ತರೀಕೆರೆ ರಸ್ತೆಯಲ್ಲಿ, ಅದೇ ನಾಲ್ಕು ಅಂಶಗಳನ್ನು ಮತ್ತೆ ದಾಖಲಿಸಿದಾಗ ಸ್ಲಿಪ್ 190, 130, 70, 25 ಎಂದು ಮೆಟ್ಟಿಲಿಳಿದು ಸೊನ್ನೆಗೆ ಬಂತು, ಎಣ್ಣೆ 92 ಡಿಗ್ರಿಯಿದ್ದಾಗಲೂ. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಎರಡರಿಂದ ಒಂದನೆಯ ಗೇರಿಗೆ ಇಳಿಯುವಲ್ಲಿ ಸಣ್ಣದೊಂದು ಜರ್ಕ್ ಇನ್ನೂ ಉಳಿದಿದೆ. ಅಲ್ಲಿ ಎಂಜಿನ್ ಮತ್ತು ಟರ್ಬೈನ್ ಎರಡೂ ಒಟ್ಟಿಗೆ ಕದಲುತ್ತಿರುವುದರಿಂದ ಅದಕ್ಕೂ ಲಾಕಪ್ಪಿಗೂ ಸಂಬಂಧವಿಲ್ಲ. ಸ್ಕ್ಯಾನರನ್ನು ಇನ್ನೊಮ್ಮೆ ಎರವಲು ಕೇಳಬೇಕು.