ಕೆಂಪು ಗೆರೆ ಎಳೆದದ್ದೆಲ್ಲ ತಪ್ಪಲ್ಲ

‘ಟೊಮೆಟೊ ಬೆಳೆ ಕುಸಿದಿದ್ದರಿಂದ ಕೋಲಾರದ ರೈತರು ಮಾರುಕಟ್ಟೆಯಲ್ಲೇ ಹಣ್ಣು ಸುರಿದು ಹೋದರು.’ ಈ ವಾಕ್ಯದಲ್ಲಿ ಇರುವುದು ಒಂದೇ ತಪ್ಪು. ಬೆಲೆ ಎಂದಿರಬೇಕಾದಲ್ಲಿ ಬೆಳೆ ಎಂದಾಗಿದೆ. ಕಂಪ್ಯೂಟರಿನ ಸ್ಪೆಲ್‌ಚೆಕ್ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಎರಡೂ ಸರಿಯಾದ ಪದಗಳೇ. ಅದರ ಬದಲು ಏನೂ ತಪ್ಪಿಲ್ಲದ ‘ಮಾರುಕಟ್ಟೆಯಲ್ಲೇ’ ಕೆಳಗೆ ಕೆಂಪು ಗೆರೆ ಎಳೆದರೂ ಎಳೆಯಬಹುದು.

ಕಾರಣ ಸರಳ. ಬರೆಯಲು ಬಳಸುವ ಲಿಬ್ರೆಆಫೀಸ್, ಜಾಲತಾಣ ನೋಡಲು ಬಳಸುವ ಫೈರ್‌ಫಾಕ್ಸ್‌ಗಳಿಗೆ ಹಾಕಿಕೊಳ್ಳುವ ಕನ್ನಡ ಸ್ಪೆಲ್‌ಚೆಕ್ ತನ್ನಲ್ಲಿರುವ ಪದಪಟ್ಟಿಯ ಜೊತೆ ನಿಮ್ಮ ಪದವನ್ನು ಹೋಲಿಸುತ್ತದೆ, ಅಷ್ಟೆ. ಆದರೆ ಕನ್ನಡದಲ್ಲಿ ಮಾರುಕಟ್ಟೆ, ಅಲ್ಲಿ, ಇದ್ದ, ಅವರು, ಗೆ, ಊ ಎಲ್ಲ ಸೇರಿ ‘ಮಾರುಕಟ್ಟೆಯಲ್ಲಿದ್ದವರಿಗೂ’ ಎಂಬ ಒಂದೇ ಪದವಾಗುತ್ತದೆ. ಇಂಥವನ್ನೆಲ್ಲ ಯಾವ ಪಟ್ಟಿಯಲ್ಲಿ ತುಂಬಿಸಿಡುತ್ತೀರಿ? ಹಾಗಾಗಿ ಕೆಂಪು ಗೆರೆ ಕಂಡರೆ ತಿದ್ದಲು ಹೋಗಬೇಡಿ, ಮೊದಲು ಅನುಮಾನಪಡಿ. ಗೆರೆ ಇಲ್ಲದ ಕಡೆಯೂ ಅನುಮಾನ ಇರಲಿ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿಟ್ಟುಹೋಗುವುದರಿಂದ ‘ಮರದ ಮೇಲೆ ಅಕ್ಕಿ ಕೂತಿತ್ತು’ ಎಂಬುದು ಗೆರೆಯಿಲ್ಲದೆ ಪಾಸಾಗುತ್ತದೆ. ಇಂಗ್ಲಿಷಿಗೆ ಗ್ರಾಮರ್ಲಿ ಎಂಬ ತಂತ್ರಾಂಶ ಮಾಡುವ ತಪ್ಪು ತಿದ್ದುವ ಕೆಲಸವನ್ನು ಕನ್ನಡಕ್ಕೆ ನಂಬಿಕೆಯಿಂದ ಮಾಡಿಕೊಡುವ ಒಂದೇ ಒಂದು ಸಾಧನ ಹುಡುಕುತ್ತಾ ಕೂರುವುದು ದಂಡ. ಇರುವ ನಾಲ್ಕಾರನ್ನು ಬಳಸುವ ಬಗೆ ಗೊತ್ತಿದ್ದರೆ ಸಾಕು.

ಮೊದಲನೆಯದು ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. ಒಂದೂವರೆ ಲಕ್ಷದಷ್ಟು ಪದಗಳಿವೆ, 2019ರಿಂದ ಎಲ್ಲರಿಗೂ ಉಚಿತ. ಇಲ್ಲಿ ಎಡವುವುದು ಎರಡು ಕಡೆ. ‘ಗೆದ್ದಳು’ ಎಂದು ಹುಡುಕಿದರೆ ಬೇಕಾದದ್ದು ಸಿಗುವುದಿಲ್ಲ, ‘ಗೆಲ್ಲು’ ಎಂದು ಹುಡುಕಬೇಕು. ನಾಮಪದವಾದರೆ ವಿಭಕ್ತಿ ಪ್ರತ್ಯಯ ಕಿತ್ತರೆ ಆಯಿತು. ಕ್ರಿಯಾಪದ ಭೂತಕಾಲದಲ್ಲಿ ಮುಖವನ್ನೇ ಬದಲಿಸುತ್ತದೆ: ಎದ್ದ ಎಂದರೆ ಏಳು, ಬಿದ್ದ ಎಂದರೆ ಬೀಳು, ನಿಂತ ಎಂದರೆ ನಿಲ್ಲು, ಕದ್ದ ಎಂದರೆ ಕದಿ, ಹೊಕ್ಕ ಎಂದರೆ ಹೊಗು. ಅನುಮಾನ ಬಂದಾಗ ಅದೇ ಕ್ರಿಯೆಯನ್ನು ಇನ್ನೊಬ್ಬರಿಗೆ ಆಜ್ಞೆ ಮಾಡುವಂತೆ ಹೇಳಿಕೊಳ್ಳಿ, ಧಾತು, ಅಂದರೆ ಕ್ರಿಯಾಪದದ ಮೂಲರೂಪ, ತಾನಾಗಿ ಬಾಯಿಗೆ ಬರುತ್ತದೆ.

ಅಲರ್‌ನಲ್ಲಿ ಎಡವುವ ಎರಡನೆಯ ಜಾಗ ಹೆಚ್ಚು ಮೋಸದ್ದು. ಅಲರ್ ಉಚ್ಚಾರಣೆಯ ಹೋಲಿಕೆಯಿಂದಲೂ ಪದ ಹುಡುಕಿಕೊಡುತ್ತದೆ. ‘ವಿಧ್ಯಾರ್ಥಿ’ ಎಂದು ಕೊಟ್ಟರೂ ‘ವಿದ್ಯಾರ್ಥಿ’ ಎದುರಿಗೆ ಬರಬಹುದು. ಫಲಿತಾಂಶ ಬಂತು, ಅಂದಮೇಲೆ ನನ್ನ ಕಾಗುಣಿತ ಸರಿ ಎಂದು ಮುಂದೆ ಹೋದರೆ ಕೆಟ್ಟಿತು. ಅಲ್ಲಿ ಬಂದ ಪದವನ್ನು ಅಕ್ಷರ ಅಕ್ಷರ ನೋಡಿ. ಇನ್ನು ಗೂಗಲ್‌ನಲ್ಲಿ ಎಷ್ಟು ಕಡೆ ಹಾಗೆ ಬರೆದಿದ್ದಾರೆ ಎಂದು ಎಣಿಸಿ ತೀರ್ಮಾನಿಸುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಬ್ಯಾನರುಗಳಲ್ಲಿ ಮೆರೆಯುವ ‘ಆರ್ಶೀವಾದ’ಕ್ಕೂ ಅಲ್ಲಿ ಸಾಕ್ಷಿಗಳಿಗೇನು ಕಡಿಮೆಯಿಲ್ಲ.

ಪಾರಿಭಾಷಿಕ ಪದ, ಅಂದರೆ ಒಂದು ವಿಷಯಕ್ಕೇ ಸೇರಿದ ಪದ ಬೇಕಾದಾಗ ಸರ್ಕಾರದ ಪದಕಣಜ ಜಾಲತಾಣ ನೋಡಿ. ಹಲವು ನಿಘಂಟು, ಪದಕೋಶಗಳು ಅಲ್ಲಿ ಒಟ್ಟಿಗಿವೆ. ಕೃಷಿಯ ಪ್ರಬಂಧಕ್ಕೆ ಕಾನೂನಿನ ಪದ ಎತ್ತಿಕೊಳ್ಳದಂತೆ ಮೂಲ ಯಾವುದೆಂದು ಗಮನಿಸಿ. ಸಂಧಿ, ಸಮಾಸಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿರುವ 8ರಿಂದ 10ನೇ ತರಗತಿಯ ಕನ್ನಡ ಪುಸ್ತಕಗಳ ಪಿಡಿಎಫ್‌ಗಳೇ ಸಾಕು. ಚಾಟ್‌ಬಾಟ್‌ಗಳು ಬೆಟ್ಟದಾವರೆಯ ಆದೇಶ ಸಂಧಿಯನ್ನು ಲೋಪ ಸಂಧಿ ಎಂದರೂ ಅದೇ ಧೈರ್ಯದಲ್ಲಿ ಅನ್ನುತ್ತವೆ. ಅವುಗಳಿಗೆ ‘ತಿದ್ದಿ ಬರೆ’ ಅನ್ನಬೇಡಿ, ‘ಅನುಮಾನದ ಜಾಗ ತೋರಿಸು’ ಅನ್ನಿ. ತೀರ್ಪು ನಿಘಂಟಿನದು.

ವಾಕ್ಯದ ತಪ್ಪಿಗೆ ಕಿವಿಯೇ ಮದ್ದು. ಫೋನಿನ ಗಟ್ಟಿಯಾಗಿ ಓದುವ ಸೌಲಭ್ಯಕ್ಕೆ ಕನ್ನಡ ಧ್ವನಿ ಹಾಕಿಕೊಂಡು ಪ್ರಬಂಧ ಕೇಳಿಸಿಕೊಳ್ಳಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಇದು ವಿಶೇಷವಾಗಿ ಉಪಯೋಗ. ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದ ಒಂದೇ, ಹಾಗಾಗಿ ‘ಟೀಚರ್ ಹೇಳಿತು’ ಎಂದು ಬರೆದುಬಿಡುತ್ತಾರೆ. ಕಣ್ಣಿಗೆ ಕಾಣದ್ದು ಕಿವಿಗೆ ಚುಚ್ಚುತ್ತದೆ. ಶ, ಷ ವ್ಯತ್ಯಾಸ ಮಾತ್ರ ಹೀಗೆ ಸಿಕ್ಕುವುದಿಲ್ಲ, ಅದಕ್ಕೆ ಮತ್ತೆ ಅಲರ್.

ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಪದವಿಯವರಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಆನ್‌ಲೈನ್ ರೈಟಿಂಗ್ ಲ್ಯಾಬ್ ಎಂಬ ಬರವಣಿಗೆ ಕಲಿಸುವ ಜಾಲತಾಣ ಒಂದಿದ್ದರೆ ಸಾಕು. ಅಲ್ಲಿ ಕಲಿತ ಅಲ್ಪವಿರಾಮದ ನಿಯಮಗಳನ್ನು ಮಾತ್ರ ಕನ್ನಡಕ್ಕೆ ಹೊತ್ತು ತರಬೇಡಿ.

ಕೊನೆಗೆ ಟೈಪಿಂಗ್. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತುವವರು ಬಹಳ. ಕಣ್ಣಿಗೆ ‘ಅ೦ಗಡಿ’, ‘ಅಂಗಡಿ’ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಸಿಗುವುದಿಲ್ಲ. ಫೈಂಡ್-ರಿಪ್ಲೇಸ್‌ನಲ್ಲಿ ಸೊನ್ನೆ ತೆಗೆದು ಅನುಸ್ವಾರ ಹಾಕಿ. ಇಸವಿಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಒಂದೊಂದಾಗಿ ಬದಲಿಸಿ, ಇಲ್ಲದಿದ್ದರೆ ಅವೂ ಹಾಳಾಗುತ್ತವೆ. ಅರ್ಕಾವತ್ತು ಬರೆಯುವಾಗ ಕೊನೆಗೆ ಬಂದರೂ ಒತ್ತುವಾಗ ರ ಮೊದಲು: ‘ಆಶೀರ್ವಾದ’ಕ್ಕೆ ಶೀ ಆದಮೇಲೆ ರ, ಹಲಂತ (್), ವ, ದೀರ್ಘ. ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಫಾಂಟಿನಲ್ಲಿ ಬಂದ ಕಡತವನ್ನು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಗಳಿಗೆ ಬದಲಿಸುವಾಗ ಮಧ್ಯದಲ್ಲಿರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಅವನ್ನು ಮೊದಲೇ ಬೇರೆ ಕಡೆ ಗುರುತು ಹಾಕಿಟ್ಟುಕೊಂಡು, ಬದಲಿಸಿದ ಮೇಲೆ ವಾಪಸ್ ಸೇರಿಸಿ. ಮೂಲ ಕಡತ ಅಳಿಸಬೇಡಿ.